ಆನಾಬಾಯಿ ಮನ್ಯಾಗಿನ ಬೂಚಿನ ಹಿಡಿಕಿಗೋಳು

...ಅಲ್ಲೋ, ನಾ ಎಲ್ಲಿ ಕುಡಿದಿದ್ದೆ, ಅದು ಬೂಚಿನ ವಾಸನಿ! ನಿಮ್ಮಜ್ಜ ಹಂಗ ತಿಳಕೊಂಡಿದ್ದ. ಬಾಟ್ಲಿ ಬಾಯಿಗೆ ಬಡದಿರ್ತಾರಲ್ಲ, ಹಗೂರ ಕಟ್ಟಿಗಿಯಂಥಾದ್ದು, ಅದ ಬೂಚು. ದ್ರಾಕ್ಷಿ ಸೆರೆ ಬಾಟ್ಲಿವು. ಹೋಟೆಲ್ ಹಿಂದ ಒಗದಿರ್ತಿದ್ರು, ನಾ ಆರಿಸಿ ಸೆರಗಿನ್ಯಾಗ ಕಟ್ಕೊಂಡು ಬರ್ತಿದ್ದೆ. ಅಜ್ಜ ಬಂದರದಾಗ ಮೂಟಿ ಹೊರೂವಾಗ ಕಾಲು ಮುರಕೊಂಡು ಘಟ್ಟದ ಕೆಳಗ, ಸಮುದ್ರದ ದಂಡಿಗೆ ಬಾಯ್ನಾ ಅನ್ನೂ ಕಡೆ ನಮ್ಮ ಗುಡಿಸಲದಾಗ ಬಿದ್ದಿದ್ದ. ಮಲಗಿದಾಂವಗ ಮೂಗೊಂದು ಭಾಳ ಚುರುಕು. "ಏ ನೀಲವ್ವಾ, ಸೆರಗು ಇತ್ತ ತಾ." ಮೂಸಿ ನೋಡಿದ. ಎರಡು ದಿನ ಮಾತ ಆಡ್ಲಿಲ್ಲ. ನಗಬ್ಯಾಡ್ರಲೇ, ಆವಾಗ ನಗೂಹಂಗ ಇರ್ಲಿಲ್ಲ. ಆ ಬೂಚಿನ ಮ್ಯಾಲ ನಮ್ಮ ರೊಟ್ಟಿ ನಡದಿತ್ತು, ಗೊತ್ತೇನು?

ಎಂಬತ್ತರ ಮ್ಯಾಲಿನ ಮಾತದು. ನಮ್ಮ ಗುಡಿಸಲದ ಮ್ಯಾಲ, ಗುಡ್ಡದ ಓಣ್ಯಾಗ ಮಿಂಗೇಲ್ ಬಾಬ್ ಅಂತ ಇದ್ರು. ಹಡಗದಾಗ ದುಡದು ಮನಿಗೆ ಬಂದ ಮುದುಕರು. ದೊಡ್ಡವರಿಗೆ ಅಲ್ಲಿ ಬಾಬ್ ಅಂತಾರ. ಗಾಳದ ಕೋಲು ರಿಪೇರಿ ಮಾಡ್ತಿದ್ರು. ಬಿದಿರಿನ ಕೋಲಲ್ಲ ಮತ್ತ, ಪರದೇಶದ್ದು, ಕೈಯಾಗ ಹಿಡಿಯೂ ಕಡೆ ಬೂಚಿನ ಹಿಡಿಕಿ ಇರ್ತಿತ್ತು. ಉಪ್ಪುನೀರು ಕುಡದು ಕುಡದು ಆ ಹಿಡಿಕಿ ಮೈಲಿ ಎದ್ದ ಮಾರಿಹಂಗ ತೂತು ತೂತು ಆಗ್ತಿತ್ತು. ನಾ ಅಲ್ಲಿ ಕಸಾ ಹೊಡಿಯಾಕ ಹೋಗ್ತಿದ್ದೆ. ಒಂದಿನ ಬಾಬ್, "ನಿನ್ನ ಕೈ ತೋರ್ಸು" ಅಂದ್ರು. ಮುದುಕ ಯಾಕ ನನ್ನ ಕೈ ನೋಡ್ತಾನ? ಬಾಗಿಲ ಕಡೆ ಕಣ್ಣಿಟ್ಟು ಕೈ ಚಾಚಿದೆ. "ನಡುಗೂದಿಲ್ಲ. ನನ್ನ ಕೈ ನಡಗತಾವು. ಕುಂಡ್ರು, ಕಲಿಸ್ತೇನಿ." ಅವ್ರು ಅಂದದ್ದು ಕೊಂಕಣಿಯೊಳಗ, ನಾ ನಮ್ಮ ಮಾತಿನ್ಯಾಗ ಹೇಳಾಕತ್ತೇನಿ. ಕೆಲಸ ಅಂದ್ರ ಏನು, ಹಿಡಿಕಿ ಸಬಕಾರ ಹಚ್ಚಿ ತೊಳಿಯೂದು, ತೂತಿನ್ಯಾಗಿನ ಕೊಳತಿದ್ದು ಕೆದರಿ ತಗಿಯೂದು, ಹಳೇ ಬೂಚು ಉಜ್ಜಿ ಪುಡಿ ಮಾಡಿ ಗೋಂದಿನ್ಯಾಗ ಕಲಸಿ ತುಂಬೂದು, ಒಂದಿನ ಒಣಗಿದ ಮ್ಯಾಲ ಪಾಲಿಶ್ ಕಾಗದ ಹಚ್ಚಿ ನುಣ್ಣಗ ತಿಕ್ಕೂದು. ಎಲ್ಲಿ ತೂತಿತ್ತು ಅಂತ ಕೇಳಿದ್ರ ತೋರ್ಸಾಕ ಬರ್ಬಾರ್ದು, ಹಂಗ.

ಆದ್ರ ಬಾಬ್ ಅವರ ತಂಗಿ ಇದ್ಲಲ್ಲ, ಆನಾಬಾಯಿ! ನಾ ಕುಂತ್ರ ಪರದೆ ಹಿಂದ ಅಕಿ ಕಾಲು ಕಾಣ್ತಿದ್ದುವು. ಸಂಜೀಕ ನಾ ಹೊಂಟ್ರ ಚೀಲಾ ಬಿಚ್ಚಸ್ತಿದ್ಲು. ಘಟ್ಟದ ಮ್ಯಾಲಿಂದ ಬಂದವರಿಗೆ ಅಲ್ಲಿ 'ಘಾಂಟಿ' ಅಂತಿದ್ರು, ಬೈಗಳದ ಹಂಗ. "ಘಾಂಟಿ ಕೈಯಾಗ ಗೋಂದಿನ ಡಬ್ಬಿ ಕೊಟ್ಟೀಯಲ್ಲ, ಅರ್ಧ ಮನಿಗೆ ಒಯ್ತಾಳ ನೋಡು" ಅಂತ ಅಣ್ಣಗ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು.

ಮುಂದ ಒಂದು ಮಳಿಗಾಲದಾಗ, ಮಳಿಗಾಲ ಅಲ್ಲ, ಮುಗದಿತ್ತು, ಒಂದು ಚಮತ್ಕಾರ ಶುರು ಆತು. ಇವತ್ತು ತುಂಬಿದ ತೂತು ನಾಳೆ ಮುಂಜಾನೆ ಬರಿದು! ಒಬ್ಬ ಡಾಕ್ಟರ ಕೋಲು ಮೂರು ಸಲ ಹಂಗ ಆತು. ಆನಾಬಾಯಿ ಓಣಿಗೆಲ್ಲಾ ಕೇಳೂಹಂಗ, "ಇಕೀನ ಕೆದರತಾಳ, ಕೆಲಸ ಮುಗೀಬಾರ್ದು ಅಂತ!" ನನಗೂ ಸಿಟ್ಟು ಬಂತು. ಕೋಲಿಡೂ ಖೋಲಿ ಕೀಲಿ ಅಕಿ ಸೊಂಟದಾಗ ಇರ್ತಿತ್ತು. ನಾ ಅಂದೆ, "ಬಾಯಾರ, ಕೀಲಿ ಯಾರ ಹತ್ರ ಐತ್ರಿ? ನನ್ನ ಓಡಸಾಕ ನೀವ ಚಾಕು ಹಾಕಿ ಕೆದರಾಕತ್ತೀರಿ." ಅಕಿ ಮಾರಿ ಕೆಂಪಾತು. ಬಾಬ್ ತಲಿ ಹಿಡಕೊಂಡು ಕುಂತ್ರು. "ನಾಳೆ ನೋಡ್ತೇನಿ. ನಾಳೇನೂ ಹಿಂಗ ಆದ್ರ ಕೆಲಸ ಬಂದ್, ನೀಲಾ." ಮನ್ಯಾಗ ಮುರಿದ ಕಾಲಿನ ಗಂಡ, ನಿಮ್ಮಪ್ಪ ಇನ್ನೂ ತೊಟ್ಟಿಲದಾಗ. ಎಲ್ಲಿಗೆ ಹೋಗ್ಲಿ ಹೇಳ್ರಿ?

ಸಂಜೀಕ ಹೊಂಡೂವಾಗ, ಆನಾಬಾಯಿ ಕೀಲಿ ಹಾಕಾಕ ಬರೂದ್ರೊಳಗ, ಒಲಿ ಬೂದಿ ತಂದು ಖೋಲಿ ನೆಲದ ತುಂಬ ತೆಳ್ಳಗ ಉದುರಿಸಿದೆ. ಅಕಿ ಕಾಲು ಮೂಡ್ಲಿ, ಬಾಬ್ ಕಣ್ಣಿಲೆ ನೋಡ್ಲಿ ಅಂತ. ಮುಂಜಾನೆ ಮೂವರೂ ಕೂಡೇ ಕೀಲಿ ತಗದ್ವಿ. ತೂತು ಮತ್ತ ಬರಿದು, ಆದ್ರ ಬೂದಿ ಮ್ಯಾಲ ಮನಶ್ಯಾರ ಕಾಲ ಇಲ್ಲ! ಸಣ್ಣ ಸಣ್ಣ ಹೆಜ್ಜಿ, ನಡುವ ಬಾಲದ ಗೆರಿ. ಇಲಿ! ಆನಾಬಾಯಿ ನನ್ನ ನೋಡಿದ್ಲು, ನಾ ಅಕಿನ್ನ ನೋಡಿದೆ. ಬಾಬ್ ಅಂದ್ರು, "ತಡೀರಿ. ಇಲಿ ಬೂಚು ಬಿಟ್ಟು ತುಂಬಿದ್ದಷ್ಟ ಯಾಕ ತಿಂತು?" ತೂತಿನ್ಯಾಗ ಉಳದ ಚೂರು ತಗದು ನಾಲಿಗೀಗೆ ಹಚ್ಚಿ ನೋಡಿದ್ರು. "ನೀಲಾ, ಇದು ಗೋಂದಲ್ಲ. ಹಿಟ್ಟು."

ಈಗ ಖರೇ ಹೇಳ್ತೇನಿ, ಮೊದಲ ಹೇಳಬೇಕಿತ್ತು, ಮುಚ್ಚಿಟ್ಟೆ. ಗೋಂದು ತೀರಿ ಎಂಟು ದಿನ ಆಗಿತ್ತು. ಇನ್ನೊಂದು ಡಬ್ಬಿ ಕೇಳಿದ್ರ ಕಳ್ಳಿ ಅಂತಾರಂತ ಅಂಜಿ, ಮೈದಾ ಹಿಟ್ಟು ಕುದಿಸಿ ಅಂಟು ಮಾಡಿ ಬೂಚಿನ ಪುಡಿ ಕಲಸಿ ತುಂಬ್ತಿದ್ದೆ. ಅದನ್ನ ಇಲಿ ತಿಂತಾವು ಅಂತ ನನ್ನ ತಲಿಗೆ ಹೊಳೀಲೇ ಇಲ್ಲ. ನೆಲಾ ನೋಡ್ಕೋತ ಎಲ್ಲಾ ಹೇಳಿದೆ. ಆನಾಬಾಯಿ, "ಕೇಳಬೇಕಿತ್ತಲ್ಲ?" ಅಂದ್ಲು. ನಾ ಅಂದೆ, "ಕೇಳಿದ್ರ ನಂಬ್ತಿದ್ರೇನ್ರಿ?" ಅಕಿ ಸುಳ್ಳು ಹೇಳ್ಲಿಲ್ಲ ನೋಡ್ರಿ, ಅದೊಂದು ಅಕಿ ದೊಡ್ಡಗುಣ. "ಇಲ್ಲ" ಅಂದ್ಲು. ನಾನೂ ಅಂದೆ, "ನಾನೂ ಚಾಕು ಹಾಕಿ ಕೆದರತೀರಿ ಅಂತ ನಿಮ್ಮ ಮ್ಯಾಲ ಹೊರಿಸಿದ್ನೆಲ್ರಿ ಬಾಯಾರ, ತಪ್ಪಾತು." ಅವತ್ತ ಮಧ್ಯಾಹ್ನ ಅಕೀನ ಅಂಗಡಿಗೆ ಹೋಗಿ ಡಬ್ಬಿ ತಂದ್ಲು, ನಾ ಹಿಟ್ಟು ತುಂಬಿದ್ದೆಲ್ಲಾ ಕೆದರಿ ತಗದು ಪುಕ್ಕಟ ಮತ್ತ ಮಾಡಿದೆ. ಡಾಕ್ಟರ ಕೋಲೂ ನೆಟ್ಟಗಾಗಿ ಹೋತು, ಮತ್ತ ರಿಪೇರಿಗೆ ತಿರುಗಿ ಬರ್ಲಿಲ್ಲ. ಆರು ವರ್ಷ ಅಲ್ಲೇ ದುಡದೆ. ಅಕಿ ಬದಲಾದ್ಲು ಅಂತ ಮಾತ್ರ ತಿಳೀಬ್ಯಾಡ್ರಿ, ಕಡೀತನಕ ಚೀಲಾ ನೋಡೂದು ಬಿಡ್ಲಿಲ್ಲ. ನಾನೂ ಅಕಿ ಕೊಟ್ಟ ಚಾ ಮೂಸಿ ನೋಡೇ ಕುಡೀತಿದ್ದೆ. ಅದಕ್ಕ ಹೇಳೂದು, ಬೇಕಾದ್ದನ್ನ ಬಾಯಿ ಬಿಟ್ಟು ಕೇಳ್ರಿ. ಭಾಳಂದ್ರ ಇಲ್ಲ ಅಂತಾರ, ಅಷ್ಟ. ಏಳ್ರಿ, ಕೈ ತೊಳಕೋರಿ.