ದೊಡ್ಡ ಬಾಕ್ಸಿಗೆ ಬಿಡದ ಬೇಸ್

ಹಿರಿಯೂರು ನಿಲ್ದಾಣದಲ್ಲಿ ಹೊಸದುರ್ಗದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ರೇಷ್ಮೆ ಸೀರೆಯ ಹೆಂಗಸೊಬ್ಬರು ಕೂತಿದ್ದರು. ಜೊತೆಗಿದ್ದವನ ತೊಡೆಯ ಮೇಲೆ ಮೈಕಿನ ವೈರಿನ ಸುರುಳಿಯಿತ್ತು.

“ತಿಪ್ಪೇಶ, ಕಲ್ಲೇಶಿ ಪೇಪರ್‌ನಾಗೆ ಹೇಳಿರೋದು ಓದಿದೇನೋ?”

“ಓದಿದೆ ಅನ್ನಪೂರ್ಣಕ್ಕ. ಜಾಝ್, ಫಂಕ್ ಅಂತ ದೇಶ ದೇಶ ಸುತ್ತಿ ಬೇಸ್ ಗಿಟಾರ್ ನುಡಿಸೋನು, ನಮ್ಮ ಆರ್ಕೆಸ್ಟ್ರಾ ಇನ್ನೂ ಮರ್ತಿಲ್ಲ ನೋಡ್ರಿ.”

“ಮನಸ್ಸಿಗೆ ಬಂದಂಗೆ ನುಡಿಸಿದ್ರೂ ಆ ಆರ್ಕೆಸ್ಟ್ರಾದಾಗೆ ಯಾರೂ ಬ್ಯಾಡ ಅನ್ಲಿಲ್ಲ, ಆ ಧೈರ್ಯದಾಗೇ ಬೆಳೆದೆ ಅಂದವ್ನೆ.”

“ಕೇಳಿಸಿದ್ರೆ ತಾನೆ ಬ್ಯಾಡ ಅನ್ನೋದು?”

“ಮೆಲ್ಲಗೆ ಮಾತಾಡೋ.”

“ಸೌಂಡಿಗೆ ಕುಂತೋನು ನಾನು. ಅವನ ಬೇಸ್‌ನ ಅವನಿಗಷ್ಟೇ ಕೇಳಂಗೆ ಕಾಲತ್ರ ಇದ್ದ ಸಣ್ಣ ಸ್ಪೀಕರ್ ಬಾಕ್ಸಿಗೆ ಮಾತ್ರ ಬಿಡ್ತಿದ್ದೆ. ಜನದ ಕಡೆಗಿದ್ದ ದೊಡ್ಡ ಬಾಕ್ಸಿಗೆ ಒಂದಿನಾನೂ ಬಿಡ್ಲಿಲ್ಲ.”

“ಪಾಪ, ಜನ ಚಪ್ಪಾಳೆ ಹೊಡೆದ್ರೆ ಅವನೂ ಕೈ ಮುಗಿಯೋನು.”

“ಅವನ ಸದ್ದಿನಾಗೆ ನನ್ನ ದನಿ ಮುಳುಗ್ತೈತೆ ಅಂದೋರು ನೀವೇ ಅಲ್ಲೇನಕ್ಕ?”

ಅವರು ಸೆರಗು ಸರಿಮಾಡಿಕೊಂಡರು. ಸರಿಯಾಗಿಯೇ ಇತ್ತು ಅದು.

“ನಾನೇ ಅಂದಿದ್ದು. ಇವತ್ತು ಹೇಳಿಬಿಡಾಣೇನೋ?”

“ಅವನ ಸನ್ಮಾನದ ದಿನಾನೇ ಹೇಳಾದೇನ್ರಿ? ಸೌಂಡಿಗೆ ನೀನೇ ಕುಂತ್ಕಬೇಕು ಅಂತ ಫೋನ್ ಮಾಡಿ ಕರೆದವ್ನೆ.”

“ನನಗೂ ಹಂಗೇ. ಅಕ್ಕ, ನಾನು ನುಡಿಸ್ತೀನಿ, ನೀವು ಹಾಡ್ರಿ ಅಂದ.”

ಚಿತ್ರದುರ್ಗದ ಬಸ್ ಬಂತು. ಅವನು ವೈರಿನ ಸುರುಳಿ ಹೆಗಲಿಗೆ ಹಾಕಿಕೊಂಡು ಎದ್ದ.

“ಬರ್ರಿ, ಹೋಗಾಣ. ಇವತ್ತು ಅವನ ಬೇಸ್ ಕೋಟೆ ತನಕ ಕೇಳಂಗೆ ಬಿಡ್ತೀನಿ.”

“ಬಿಡೋ.” ಅವರು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದರು. “ನನ್ನ ಮೈಕ್ ಮಾತ್ರ ಆ ಸಣ್ಣ ಬಾಕ್ಸಿಗೇ ಇರ್ಲಿ.”