ವೈನಿಯ ತಾಟು, ನನ್ನ ಚಮಚಾ

ಏನಾಗಿರಬೇಕು, ಹೇಳು ನೋಡೋಣ ತನ್ವಿ? ಮಧ್ಯಾಹ್ನ ಎರಡೂವರಿ. ನಾ ಬೊರಿವಲಿ ಸ್ಟೇಷನ್ ಕಡಿಂದ ಬಂದು ಬಾಗಿಲಾ ತಗದ್ರ, ವೈನಿ, ನಮ್ಮಣ್ಣನ ಹೆಂಡ್ತಿ, ನಿಮ್ಮ ದೊಡ್ಡಜ್ಜಿ, ಅಡಗಿಮನಿ ಗ್ವಾಡಿಗೆ ಆತು ನೆಲದ ಮ್ಯಾಲೆ ಕೂತಾಳ. ಮೈಯೆಲ್ಲಾ ಬೆವರು, ಕಣ್ಣು ಅರ್ಧಾ ಮುಚ್ಚ್ಯಾವ. ಎದುರಿಗೆ ಬಡಿಸಿದ ಎರಡು ತಾಟು, ಎರಡಕ್ಕೂ ಮುಚ್ಚಿಗಿ.

"ಗಿರ್ ಗಯೀ ಥೀ ಕ್ಯಾ, ಅಜ್ಜಾ?"

ಬಿದ್ದಿದ್ದಿಲ್ಲವಾ. ತಡಿ, ಹಿಂದಿಂದ ಹೇಳಬೇಕು, ಇಲ್ಲಾಂದ್ರ ತಿಳಿಯೋದಿಲ್ಲ. ಎಪ್ಪತ್ತೊಂದರ ಯುದ್ಧ. ನಾವಾಗ ವಡಾಲದ ಚಾಳಿನ್ಯಾಗ ಇದ್ವಿ, ಒಂದೇ ಖೋಲಿ. ನಮ್ಮಣ್ಣ ಮಿಲಿಟರಿಯಾಗಿದ್ದ, ಹತ್ತು ದಿನ, ಅಲ್ಲಲ್ಲ, ಹದಿನೈದು ದಿನದ ರಜಾಕ್ಕ ಬಂದಿದ್ದ. ಆರನೇ ದಿನಕ್ಕ ಟೆಲಿಗ್ರಾಂ ಬಂತು. ಎಲ್ಲಾರೂ ಉಣ್ಣಲಿಕ್ಕೆ ಕೂತೀವಿ, ಅವನ ತಾಟಿನ್ಯಾಗ ರೊಟ್ಟಿ ಅರ್ಧಾ ಉಳದದ. ಓದಿದ, ಕೈ ತೊಳಕೊಂಡ, ಟ್ರಂಕು ಹಿಡದ. "ನೀವು ಉಣ್ರಿ" ಅಂದ. ಅಷ್ಟೇ. ಮೂರು ವಾರಕ್ಕ ಇನ್ನೊಂದು ಟೆಲಿಗ್ರಾಂ. ಅದರಾಗ ಏನಿತ್ತು ಅಂತ ನಾ ಹೇಳಬೇಕಾಗಿಲ್ಲ. ವೈನಿಗೆ ಆಗ ಇಪ್ಪತ್ತು, ನನಗ ಹನ್ನೆರಡು. ಆಕಿ ಅಪ್ಪ ಧಾರವಾಡದಿಂದ ಕರಕೊಂಡು ಹೋಗ್ಲಿಕ್ಕೆ ಬಂದ್ರ, ಈಕಿ ಬಾಗಿಲದಾಗ ನಿಂತು, ನನ್ನ ತೋರಿಸಿ, "ನಾ ಹೋದ್ರ ಈ ಶಾಮ್ಯಾನ ಜೋಡಿ ಉಣ್ಣಲಿಕ್ಕೆ ಯಾರು ಕೂಡ್ತಾರ?" ಅಂದ್ಲು. ಹೋಗ್ಲೇ ಇಲ್ಲ ನೋಡು. ಅವತ್ತಿಂದ ನಮ್ಮನ್ಯಾಗ ಒಂದು ಕಾಯ್ದೆ. ಕಡೀ ಮನಷಾನ ಊಟ ಮುಗಿಯೋತನಕ ಯಾರೂ ತಾಟು ಬಿಟ್ಟು ಏಳಂಗಿಲ್ಲ. ಒಬ್ಬರು ಉಣ್ಣಲಿಲ್ಲಂದ್ರ ಯಾರೂ ಉಣ್ಣಂಗಿಲ್ಲ.

ಈಗ ನನ್ನ ಕೈ ವಿಷಯಕ್ಕ ಬಾ. ನಲವತ್ತು ವರ್ಷ ಡ್ರಾಯಿಂಗ್ ಆಫೀಸಿನ್ಯಾಗ ಕೂದಲೆಳಿಯಂಥಾ ಗೆರಿ ಎಳದ ಕೈ ಇದು. ಹೋದ ವರ್ಷದಿಂದ ನಡಗ್ಲಿಕ್ಕೆ ಹತ್ತೇದ. ತುತ್ತು ಎತ್ತಿದ್ರ ಬಾಯಿಗೆ ಬರೋದ್ರಾಗ ಅನ್ನ ಅಂಗೀ ಮ್ಯಾಲೆ. ಊಟಕ್ಕ ಒಂದು ತಾಸು, ಸವಾ ತಾಸು. ವೈನಿ? ನನ್ನ ತುತ್ತಿಗೆ ತನ್ನ ತುತ್ತು, ಕೈ ಒಣಗಿಸಿಕೊಂಡು ಕೂಡಾಕಿ. ಆಕಿಗೆ ಸಕ್ಕರಿ ಬ್ಯಾನಿ, ಗುಳಿಗಿ ತಗೊಂಡ ಮ್ಯಾಲೆ ಹೊತ್ತಿಗೆ ಸರಿಯಾಗಿ ಉಣ್ಣಬೇಕು. ನಿಮ್ಮವ್ವ ದಹಿಸರ್‌ನಿಂದ ಒಂದು ಚಮಚಾ ತಂದುಕೊಟ್ಲು. ಹಿಡಿಕಿ ದಪ್ಪ, ಭಾರ, ಆ ಭಾರಕ್ಕ ಕೈ ನಡಗೋದು ಕಡಿಮಿ ಆಗ್ತದಂತ. ಜೋಡಿಗೆ ಅಂಚು ಎತ್ತರದ ತಾಟು, ತಳಕ್ಕ ರಬ್ಬರು. "ನಾ ಏನು ಕೂಸೇನ?" ಅಂತ ಎರಡೂ ಒಯ್ದು ಕಪಾಟಿನ ಮ್ಯಾಲೆ ಒಗದೆ. ಬಿ.ಎಸ್ಸಿ. ಓದಿದ ಸೊಕ್ಕು! ಆಮ್ಯಾಲೆ ಒಂದು ಹಂಚಿಕಿ ಹಾಕಿದೆ. ಹೊರಗ ಉಂಡು ಬಂದೀನಿ ಅಂದ್ರ ವೈನಿ ಹೊತ್ತಿಗೆ ಉಣ್ತಾಳ, ಹೌದಲ್ಲೋ? ದಿನಾ ಸ್ಟೇಷನ್ ಹೊರಗ ಗ್ವಾಡಿಗೆ ಮುಖಾ ಮಾಡಿ, ಎರಡೂ ಕೈಲೆ ವಡಾಪಾವ್ ಹಿಡದು ತಿಂದು ಬರಾಂವ. ಅವತ್ತು ಅದೂ ಕೈ ಜಾರಿ ಬಿತ್ತು, ಖಾಲಿ ಹೊಟ್ಟಿಲೇ ಬಂದೆ.

ಬಂದ್ರ ಈ ಅವಸ್ಥಾ. ಗುಳಿಗಿ ತಗೊಂಡಾಳ, ಉಂಡಿಲ್ಲ, ಮೈಯಾಗಿನ ಸಕ್ಕರಿ ಪೂರಾ ಇಳದದ. ಸಕ್ಕರಿ ನೀರು ಕಲಸಿದೆ. ಗ್ಲಾಸು ಆಕಿ ತುಟಿಗೆ ಒಯ್ಯಬೇಕಲ್ಲಾ, ಕೈ ಕೇಳವಲ್ದು! ಅರ್ಧಾ ನೀರು ಆಕಿ ಸೀರಿ ಮ್ಯಾಲೆ ಹೋತು. ಇನ್ನರ್ಧಾ ಉಳದದ. ಅಣ್ಣ ಬಿಟ್ಟು ಹೋದಾಕಿನ್ನ ನಾ ನೀರು ಚೆಲ್ಲಿ ಕೊಲ್ತೀನೇನು ಅನಿಸ್ತು. ಮೊಣಕೈ ಎದಿಗೆ ಒತ್ತಿದೆ, ಗ್ಲಾಸು ಎರಡೂ ಕೈಲೆ ಹಿಡದೆ, ಉಸುರು ಬಿಗಿ ಹಿಡದೆ. ಒಂದು ಗುಟುಕು ಹೋತು. ಇನ್ನೊಂದು. ಹತ್ತು ನಿಮಿಷಕ್ಕ ಕಣ್ಣು ಬಿಟ್ಲು.

"ಎಲ್ಲಿ ಉಂಡಿ?"

"ಕುಲಕರ್ಣಿ ಮನ್ಯಾಗ. ಹೋಳಿಗಿ ಊಟ."

"ಹೌದಾ? ತುಪ್ಪಾ ಹಾಕಿದ್ರೇನು?"

"ಬೇಕಾದಷ್ಟು!"

"ಶಾಣ್ಯಾ ಇದ್ದೀ," ಅಂದ್ಲು, "ನೀ ಉಂಡಿಲ್ಲ, ನಾನೂ ಉಂಡಿಲ್ಲ. ಇಷ್ಟು ದಿನಾನೂ ನೀ ಬರೋತನಕ ನಾ ಹಿಂಗೇ ತಾಟು ಮುಚ್ಚಿಟ್ಟು ಕಾಯ್ದೀನಿ. ಕಪಾಟಿನ ಮ್ಯಾಲಿಂದು ಇಳಿಸ್ತೀಯೋ, ಇಬ್ಬರೂ ಹಿಂಗೇ ಸಾಯೋಣೋ?"

ಇಳಿಸಿದೆ. ಮೊದಲನೇ ಚಮಚಾ ಅನ್ನ-ಸಾರು ಎತ್ತಿದಾಗ ವೈನಿ ಕೈ ತಾಟಿನ್ಯಾಗೇ ನಿಂತಿತ್ತು, ಕಣ್ಣು ನನ್ನ ಚಮಚಾದ ಮ್ಯಾಲೆ. ನಡಗ್ತು, ಆದ್ರ ಚೆಲ್ಲಲಿಲ್ಲ. ನನ್ನ ಬಾಯಿಗೆ ಹೋತು ನೋಡು, ಆಮ್ಯಾಲೆ ತನ್ನ ತುತ್ತು ಎತ್ತಿದ್ಲು. ಇಪ್ಪತ್ತು ನಿಮಿಷದಾಗ ಇಬ್ಬರದೂ ತಾಟು ಖಾಲಿ! ನನಗ ನಗು ತಡಕೊಳ್ಳಲಿಕ್ಕೆ ಆಗವಲ್ದು.

ನಮ್ಮ ನಾಚಿಕಿಗೆ ಇನ್ನೊಬ್ಬರನ್ನ ಉಪವಾಸ ಕೆಡವಬಾರದವಾ, ಅಷ್ಟೇ. ನನ್ನ ಸುಳ್ಳು ಹ್ಯಾಂಗ ಸಿಕ್ಕಿಬಿತ್ತು ಅಂತೀಯಾ? ಡಾಕ್ಟರು ನಮ್ಮಿಬ್ಬರಿಗೂ ಉಪವಾಸ ಬಿಡಿಸಿದಾಗಿಂದ ನನಗ ತಿಥಿನೇ ನೆನಪಿರೂದಿಲ್ಲ. ಕುಲಕರ್ಣಿ ಮನಿಯವರು ಹನಿ ನೀರೂ ಕುಡಿಯದ ದಿನಾ ಅದು. ಆಷಾಢ ಏಕಾದಶಿ!