ಕಳ್ಳಗೇಟಿನ ಒಳಗೆ ಮೂರು ಏಟು

ಘಟಕದವರು ಹಗಲು ಊರಿನ ಕೊಳಚೆ ಶುದ್ಧ ಮಾಡುವ ನಾಟಕ ಆಡಿದರು. ರಾತ್ರಿ ಅದನ್ನೇ ಹಸಿಹಸಿ ನದಿಗೆ ಬಿಟ್ಟರು. ಕರೆಂಟು ಉಳಿಸೋಕೆ. ಸುತ್ತಿ ಬಳಸಿ ಹೇಳೋದೇನಿಲ್ಲ.

ಇದು ಪಕ್ಕದ ಮನೆಯ ಪಂಪ್ ಆಪರೇಟರಿಗೆ ಆದದ್ದು. ಕೊಳಚೆ ಘಟಕದಲ್ಲಿ ಅವನಿಗೆ ರಾತ್ರಿ ಪಾಳಿ. ಹನ್ನೊಂದಾಯಿತೋ, ಸೂಪರ್‌ವೈಸರ್ ಫೋನು: "ಬ್ಲೋವರ್ ಆರಿಸು. ಕಳ್ಳಗೇಟು ತೆಗಿ."

ಬ್ಲೋವರ್ ತೊಟ್ಟಿಗೆ ಗಾಳಿ ಊದುತ್ತೆ. ಕೊಳಚೆ ತಿಂದು ನೀರು ತಿಳಿ ಮಾಡುವ, ಕಣ್ಣಿಗೆ ಕಾಣದ ಹುಳಗಳಿಗೆ ಆ ಗಾಳಿಯೇ ಉಸಿರು. ಕಳ್ಳಗೇಟು ಅಂದರೆ ತೊಟ್ಟಿ ತಪ್ಪಿಸಿ ನೇರ ನದಿಗೆ ಬೀಳುವ ಪೈಪಿನ ಗೇಟು.

ಆ ರಾತ್ರಿ ಮಾತ್ರ ಅವನು ಫೋನು ಇಡಲಿಲ್ಲ. ನದಿ ಹರಿದು ಹೋಗುವ ಕೆಳ ಊರಲ್ಲಿ ಅಕ್ಕನ ಮನೆ. ಅವರ ನಲ್ಲಿಗೂ ಅದೇ ನೀರು. ಅಕ್ಕನ ಮಗುವಿಗೆ ಮೂರು ದಿನದಿಂದ ವಾಂತಿಭೇದಿ... ಆಸ್ಪತ್ರೆಯಲ್ಲಿತ್ತು.

"ಸಾರ್, ಇವತ್ತೊಂದಿನ ಬೇಡ. ನಮ್ಮಕ್ಕನ ಮಗು..."

"ಕಾಯಿಸಿ ಕುಡಿಯೋಕೆ ಹೇಳಯ್ಯ ನಿಮ್ಮಕ್ಕಂಗೆ! ಕೆಲಸ ಬೇಕೋ ಬೇಡ್ವೋ?"

ಬೇಕಿತ್ತು. ಬ್ಲೋವರ್ ಆರಿಸಿ ಹೊರಟ.

ದಾರಿ ಇದ್ದದ್ದು ಕೊಳಚೆ ಬಂದು ಬೀಳುವ ಬಾವಿಯ ಪಕ್ಕ. ಹೋದ ವರ್ಷ ಆ ಮಗುವಿನ ಅಪ್ಪನನ್ನು, ಅಂದರೆ ಇವನ ಭಾವನನ್ನು, ಮುಖಕ್ಕೊಂದು ಮಾಸ್ಕೂ ಕೊಡದೆ ಇಳಿಸಿದ್ದು ಇದೇ ಬಾವಿಗೆ. ಮೇಲೆ ಬಂದದ್ದು ಹೆಣ.

ಬಾವಿ ಕಡೆ ನೋಡದೆ ದಾಟಿದ. ಗೇಟಿನ ಚಕ್ರ ತಿರುಗಿಸಿದ. ಕಿರ್ರ್... ಕಿರ್ರ್... ಗಳಗಳ ಅಂತ ಕೊಳಚೆ ಹೊರಟಿತು.

ಆಗ ಕೇಳಿಸಿತು.

ಟಣ್... ಟಣ್... ಟಣ್.

ಯಂತ್ರದ ಗದ್ದಲದಲ್ಲಿ ಮಾತು ಕೇಳಿಸಲ್ಲ ಅಂತ ಅಲ್ಲಿನವರು ಸ್ಪ್ಯಾನರಿನಿಂದ ಪೈಪಿಗೆ ಬಡಿದು ಮಾತಾಡುತ್ತಾರೆ. ಒಂದು ಏಟು ಅಂದರೆ ಮುಚ್ಚು. ಎರಡು ಅಂದರೆ ತೆಗಿ. ಮೂರು ಅಂದರೆ... ಒಳಗೆ ಮನುಷ್ಯ ಇದ್ದಾನೆ. ಇದನ್ನು ಎಲ್ಲರಿಗೂ ಕಲಿಸಿದವನೇ ಭಾವ.

"ಯಾರು?" ಪಿಸುಗುಟ್ಟಿದ.

ಟಣ್... ಟಣ್... ಟಣ್. ಪೈಪಿನ ಒಳಗಿಂದ.

"ಭಾವ... ನೀವಾ?"

ಸದ್ದು ನಿಂತಿತು. ಆಮೇಲೆ ಒಂದೇ ಏಟು. ಅಂಗಾಲು ಜುಂ ಅನ್ನುವಂಥದ್ದು.

ಟಣ್.

ಗೇಟು ಮುಚ್ಚಿದ. ಓಡಿಹೋಗಿ ಬ್ಲೋವರ್ ಹಾಕಿದ. ಬೆಳಗಿನವರೆಗೂ ಅದರ ಪಕ್ಕದಿಂದ ಕದಲಲಿಲ್ಲ.

ಬೆಳಿಗ್ಗೆ ಸೂಪರ್‌ವೈಸರ್ ಬಂದು, ಇವನು ಹೇಳಿದ್ದು ಕೇಳಿ ಹಲ್ಲು ಕಡಿದ. "ದೆವ್ವಾನಾ? ಬೇರೆ ಜಾಗ ಸಿಗಲಿಲ್ವೇನೋ ಅದಕ್ಕೆ, ಈ ಗಬ್ಬಲ್ಲಿ ಬಂದು ಕೂರೋಕೆ?" ತಾನೇ ಚಕ್ರ ಹಿಡಿದ. ಜಗ್ಗಲಿಲ್ಲ. ನಾಲ್ಕು ಜನ ಹಾರೆ ಹಾಕಿದರೂ ಅಲುಗಲಿಲ್ಲ. ನದಿ ಕಡೆಯಿಂದ ಟಾರ್ಚ್ ಬಿಟ್ಟು ನೋಡಿದರು. ಗೇಟಿಗೆ ಒಳಗಡೆಯಿಂದ ನಾಲ್ಕು ಬೋಲ್ಟು ಬಿಗಿದಿತ್ತು. ಹೊಸವು. ಆ ಪೈಪಿನ ಅಗಲ ಒಂದೇ ಗೇಣು.

ಆಪರೇಟರ್ ಕೆಲಸ ಹೋಯಿತು. ಮಗು ಐದನೇ ದಿನ ಮನೆಗೆ ಬಂತು. ಬೋಲ್ಟು ಇವತ್ತಿಗೂ ಇವೆ. ನಂಬದಿದ್ದರೆ ಬಿಡಿ, ಇದು ನಡೆದದ್ದು.

ನಿಮ್ಮ ನದಿಗೆ ಬೀಳುವ ಪೈಪಿಗೆ ಅಂಥ ಬೋಲ್ಟು ಯಾರೂ ಹಾಕಿಲ್ಲ. ಇವತ್ತೇ ಹತ್ತು ಜನ ಸೇರಿ ಅಲ್ಲಿಗೆ ಹೋಗಿ. ನೀರು ಕಪ್ಪಗಿದ್ದರೆ ಬಾಟಲಿಗೆ ತುಂಬಿ, ಅಧಿಕಾರಿಯ ಮೇಜಿನ ಮೇಲಿಡಿ. ಕುಡೀರಿ ಸ್ವಾಮಿ, ಅನ್ನಿ.